ಡಿಸ್ಚಾರ್ಜ್ ಕಾರ್ಡಿನ ಕನ್ನಡ

ಸಾಹಿತ್ಯ ಬಳಗದ ಪತ್ರಿಕೆಯಲ್ಲಿ ಆಸ್ಪತ್ರೆಯ ಮಾತು ಯಾಕೆ ಅಂತ ಕೆಲವರಿಗೆ ಅನ್ನಿಸಬಹುದು. ಕಥೆ ಇಲ್ಲ, ಕವಿತೆ ಇಲ್ಲ, ನವ್ಯವೋ ಬಂಡಾಯವೋ ಎಂಬ ಚರ್ಚೆಯೂ ಇಲ್ಲ. ಕಾಮರ್ಸ್ ಓದುವವನೊಬ್ಬ ಕ್ಯಾನ್ಸರ್ ರೋಗಿಗಳ ವಿಷಯ ಹಿಡಿದುಕೊಂಡು ಬಂದಿದ್ದಾನೆ. ಆದರೂ ಇದು ಕನ್ನಡದ ವಿಷಯವೇ, ಮತ್ತು ನಮ್ಮ ಬಳಗದಿಂದ ಆಗಬಹುದಾದ ಒಂದು ಕೆಲಸದ ವಿಷಯ. ಅದನ್ನು ತೋರಿಸಲಿಕ್ಕೆ ನನಗೆ ನಾಲ್ಕು ಪುಟ ಕೊಡಿ.

ನನ್ನ ವಾದವನ್ನು ಮೊದಲೇ ನೇರವಾಗಿ ಹೇಳಿಬಿಡುತ್ತೇನೆ. ಕ್ಯಾನ್ಸರ್ ರೋಗಿ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಮತ್ತೆ ಅಡ್ಮಿಟ್ ಆಗುವುದುಂಟು. ಇದರಲ್ಲಿ ಒಂದು ಪಾಲು ರೋಗದ ಗುಣದಿಂದಲೇ ಬರುವಂಥದ್ದು, ಅದನ್ನು ಯಾರೂ ತಪ್ಪಿಸಲಾರರು. ಇನ್ನೊಂದು ಪಾಲು ತಪ್ಪಿಸಬಹುದಾದದ್ದು. ಅದು ಹುಟ್ಟುವುದು ಆಸ್ಪತ್ರೆಯ ಬಾಗಿಲಿಗೂ ಮನೆಯ ಹೊಸ್ತಿಲಿಗೂ ನಡುವೆ. ಮನೆಯಲ್ಲಿ ಏನು ಮಾಡಬೇಕು, ಯಾವಾಗ ಓಡಿ ಬರಬೇಕು ಎಂಬುದನ್ನು ರೋಗಿಯ ಮನೆಯವರಿಗೆ ಅರ್ಥವಾಗುವ ಮಾತಿನಲ್ಲಿ ಯಾರೂ ಹೇಳದೆ ಇದ್ದಾಗ ಹುಟ್ಟುತ್ತದೆ. ಈ ಮುಂಬಯಿಯಲ್ಲಿ ಎಷ್ಟೋ ಮನೆಗಳಿಗೆ ಆ ಅರ್ಥವಾಗುವ ಮಾತು ಕನ್ನಡ.

ಪರೇಲಿನ ಟಾಟಾ ಮೆಮೋರಿಯಲ್ ಆಸ್ಪತ್ರೆ ನಮಗೆಲ್ಲ ಗೊತ್ತು. ಮೆಹರ್‌ಬಾಯಿ ಟಾಟಾ ಅವರು 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡರು. ಅವರ ಪತಿ ಸರ್ ದೊರಾಬ್ಜಿ ಟಾಟಾ ಅವರ ಹೆಸರಿನ ಟ್ರಸ್ಟು 1941ರ ಫೆಬ್ರವರಿ 28ರಂದು ಈ ಆಸ್ಪತ್ರೆಯನ್ನು ತೆರೆಯಿತು. 1962ರಲ್ಲಿ ಅದು ಕೇಂದ್ರ ಸರಕಾರದ ಅಣುಶಕ್ತಿ ಇಲಾಖೆಗೆ ಸೇರಿತು. ಇವತ್ತು ದೇಶದ ಎಲ್ಲ ಮೂಲೆಗಳಿಂದ ಜನ ಅಲ್ಲಿಗೆ ಬರುತ್ತಾರೆ. ಜಾಗ ಸಿಕ್ಕವರು ದಾದರಿನ ಗಾಡಗೆ ಮಹಾರಾಜ ಧರ್ಮಶಾಲೆಯಲ್ಲೋ, ಪರೇಲಿನ ನಾನಾ ಪಾಲ್ಕರ್ ಸ್ಮೃತಿ ಸಮಿತಿಯಲ್ಲೋ ಉಳಿಯುತ್ತಾರೆ. ಚಿಕ್ಕ ಮಕ್ಕಳ ಕುಟುಂಬಗಳಿಗಾಗಿ ಸೇಂಟ್ ಜ್ಯೂಡ್ ಎಂಬ ಸಂಸ್ಥೆ 2006ರಿಂದ ವಸತಿ ನಡೆಸುತ್ತಿದೆ. ಎಲ್ಲಿಯೂ ಜಾಗ ಸಿಗದವರು ಫುಟ್‌ಪಾತಿನ ಮೇಲೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡು ಇರುತ್ತಾರೆ. ಪರೇಲಿನಲ್ಲಿ ಬಸ್ಸಿಳಿದ ಯಾರೂ ಅದನ್ನು ನೋಡದೆ ಮುಂದೆ ಹೋಗಿರಲಾರರು.

ಈ ಜನರಲ್ಲಿ ನಮ್ಮವರೂ ಇದ್ದಾರೆ. ಹೋಟೆಲಿನಲ್ಲಿ ಮೂವತ್ತು ವರ್ಷ ದುಡಿದ ಉಡುಪಿ ಕಡೆಯವರು. ಕಟ್ಟಡದ ಕೆಲಸಕ್ಕೆಂದು ಕುಟುಂಬ ಸಮೇತ ಬಂದ ಕಲಬುರಗಿ, ಯಾದಗಿರಿ, ವಿಜಯಪುರದವರು. ಊರಿಂದಲೇ ಚಿಕಿತ್ಸೆಗೆಂದು ಮತ್ಸ್ಯಗಂಧದಲ್ಲೋ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲೋ ರಾತ್ರಿ ಕಳೆದು ಬರುವವರು. ಇವರಿಗೆ ಹಿಂದಿ ಒಂದಿಷ್ಟು ಬರುತ್ತದೆ. ಬಸ್ಸಿನಲ್ಲಿ, ಬಾಜಾರದಲ್ಲಿ ಸಾಕಾಗುವಷ್ಟು. "ಬಾಯಲ್ಲಿ ಹುಣ್ಣಾಗಿ ನೀರು ಸಹ ಇಳಿಯುತ್ತಿಲ್ಲ" ಅಂತ ಡಾಕ್ಟರರಿಗೆ ಹೇಳಲಿಕ್ಕೆ ಆ ಹಿಂದಿ ಸಾಲುವುದಿಲ್ಲ.

ಹಿಂದೆ ಕ್ಯಾನ್ಸರ್ ಅಂದರೆ ತಿಂಗಳುಗಟ್ಟಲೆ ಆಸ್ಪತ್ರೆಯ ಮಂಚ ಅಂತ ನಮ್ಮ ಹಿರಿಯರು ತಿಳಿದಿದ್ದರು. ಈಗ ಹಾಗಿಲ್ಲ. ಕಿಮೋಥೆರಪಿಯ ಬಹಳಷ್ಟು ಡೇ-ಕೇರಿನಲ್ಲೇ ಮುಗಿಯುತ್ತದೆ. ಬೆಳಗ್ಗೆ ಬಂದು, ಬಾಟಲಿ ಹಾಕಿಸಿಕೊಂಡು, ಸಂಜೆ ಲೋಕಲ್ ಹಿಡಿದು ಮನೆಗೆ. ಆಪರೇಷನ್ ಆದವರನ್ನೂ ಬೇಗ ಕಳಿಸುತ್ತಾರೆ. ಕಳಿಸಲೇಬೇಕು, ಮಂಚಕ್ಕೆ ಕಾಯುವವರ ಸಾಲು ದೊಡ್ಡದು. ಅಂದರೆ ಚಿಕಿತ್ಸೆಯ ಅರ್ಧ ಭಾಗ ಈಗ ಮನೆಯಲ್ಲೇ ನಡೆಯುತ್ತದೆ. ನರ್ಸ್ ಮಾಡುತ್ತಿದ್ದ ಕೆಲಸವನ್ನು ಹೆಂಡತಿಯೋ ಮಗಳೋ ಮಾಡುತ್ತಾಳೆ. ಚಿಕಿತ್ಸೆ ಮನೆಗೆ ಬಂತು, ಅದರ ತಿಳುವಳಿಕೆ ಮಾತ್ರ ಆಸ್ಪತ್ರೆಯಲ್ಲೇ ಉಳಿಯಿತು.

ಯಾವ ತಿಳುವಳಿಕೆ ಅಂತ ಕೇಳುತ್ತೀರಿ. ಒಂದೊಂದಾಗಿ ಹೇಳುತ್ತೇನೆ.

ಮೊದಲನೆಯದು ಜ್ವರ. ಕಿಮೋ ಔಷಧಿ ವೇಗವಾಗಿ ಬೆಳೆಯುವ ಜೀವಕೋಶಗಳನ್ನು ಕೊಲ್ಲುತ್ತದೆ. ಕ್ಯಾನ್ಸರಿನ ಕೋಶ ಯಾವುದು, ಮೂಳೆಯೊಳಗಿನ ಮಜ್ಜೆಯ ಕೋಶ ಯಾವುದು ಎಂಬ ಭೇದ ಅದಕ್ಕೆ ಪೂರ್ತಿ ತಿಳಿಯುವುದಿಲ್ಲ. ಹಾಗಾಗಿ ಔಷಧಿ ಹಾಕಿಸಿಕೊಂಡ ಮೇಲೆ, ಸಾಮಾನ್ಯವಾಗಿ ಏಳರಿಂದ ಹದಿನಾಲ್ಕನೆಯ ದಿನದ ನಡುವೆ, ರಕ್ತದ ಬಿಳಿಕಣಗಳು ತೀರ ಕೆಳಗೆ ಇಳಿಯುತ್ತವೆ. ಬಿಳಿಕಣಗಳೆಂದರೆ ಸೋಂಕಿನ ವಿರುದ್ಧ ನಿಂತ ಕಾವಲುಗಾರರು. ಕಾವಲುಗಾರರಿಲ್ಲದ ಆ ದಿನಗಳಲ್ಲಿ ಮೈ ಬಿಸಿ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಸೆಲ್ಸಿಯಸ್ ಮುಟ್ಟಿದರೆ ಅದು ಸಾಧಾರಣ ಜ್ವರವಲ್ಲ. ಹಗಲಾಗಲಿ ರಾತ್ರಿಯಾಗಲಿ ಆಸ್ಪತ್ರೆಗೆ ಓಡಬೇಕು. ಮುಟ್ಟಿದ ಒಂದು ಗಂಟೆಯೊಳಗೆ ಆಂಟಿಬಯಾಟಿಕ್ ಶುರುವಾಗಬೇಕು ಎಂಬುದು ವೈದ್ಯರ ನಿಯಮ. ಕ್ರೋಸಿನ್ ನುಂಗಿ ಮಲಗಿದರೆ ಜ್ವರ ಇಳಿದಂತೆ ಕಾಣುತ್ತದೆ, ಸೋಂಕು ಒಳಗೇ ಹಬ್ಬುತ್ತಿರುತ್ತದೆ. ಬೇಗ ಬಂದವರಲ್ಲಿ ಅಪಾಯ ಕಡಿಮೆ ಇರುವ ಕೆಲವರಿಗೆ ಮಾತ್ರೆ ಕೊಟ್ಟು ಮನೆಗೇ ಕಳಿಸುವುದುಂಟು. ತಡವಾಗಿ ಬಂದವರು ಐ.ಸಿ.ಯು. ಸೇರುವುದುಂಟು. ಇವೆರಡರ ನಡುವಿನ ವ್ಯತ್ಯಾಸ ಒಂದು ಥರ್ಮಾಮೀಟರು ಮತ್ತು ಒಂದು ವಾಕ್ಯ.

ಬಿಳಿಕಣ ಏರಿಸಲಿಕ್ಕೆ ಕೆಲವರಿಗೆ ಇಂಜೆಕ್ಷನ್ ಬರೆದುಕೊಡುತ್ತಾರೆ. ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ಸಿನಲ್ಲಿ, ಅಂದರೆ ಫ್ರಿಜ್ಜಿನಲ್ಲಿ ಇಡಬೇಕು. ಹತ್ತು ಅಡಿ ಅಗಲದ ಖೋಲಿಯಲ್ಲಿ ಆರು ಜನ ಇರುವಲ್ಲಿ ಫ್ರಿಜ್ಜು ಎಲ್ಲಿ? ಪಕ್ಕದ ಹೋಟೆಲಿನ ಶೆಟ್ಟರಲ್ಲಿ ಕೇಳಿ ಇಡಬಹುದು. ಆದರೆ ಇಡಬೇಕು ಅಂತ ಗೊತ್ತಿದ್ದರೆ ತಾನೆ ಕೇಳುವುದು?

ಎರಡನೆಯದು ಬಾಯಿ ಮತ್ತು ಹೊಟ್ಟೆ. ಔಷಧಿಯಿಂದ, ಅಥವಾ ಕುತ್ತಿಗೆಗೆ ಕೊಡುವ ರೇಡಿಯೇಷನ್ನಿನಿಂದ, ಬಾಯೆಲ್ಲ ಹುಣ್ಣಾಗುತ್ತದೆ. ತಿನ್ನಲಿಕ್ಕಾಗುವುದಿಲ್ಲ, ಆಮೇಲೆ ಕುಡಿಯಲಿಕ್ಕೂ ಆಗುವುದಿಲ್ಲ. ಜೊತೆಗೆ ವಾಂತಿ ಅಥವಾ ಭೇದಿ ಶುರುವಾದರೆ ಎರಡೇ ದಿನದಲ್ಲಿ ಮೈಯಲ್ಲಿ ನೀರು ಬತ್ತಿ ರೋಗಿ ಮತ್ತೆ ಮಂಚಕ್ಕೆ. ವಾಂತಿಗೆ ಕೊಡುವ ಮಾತ್ರೆಯನ್ನು ವಾಂತಿ ಬಂದ ಮೇಲಲ್ಲ, ಬರುವ ಮೊದಲೇ, ಹೇಳಿದ ಹೊತ್ತಿಗೆ ತೆಗೆದುಕೊಳ್ಳಬೇಕು. ಉಪ್ಪು ಮತ್ತು ಅಡುಗೆ ಸೋಡಾ ಹಾಕಿದ ನೀರಿನಲ್ಲಿ ದಿನಕ್ಕೆ ಹಲವು ಸಲ ಬಾಯಿ ಮುಕ್ಕಳಿಸಬೇಕು. ಓ.ಆರ್.ಎಸ್. ಪುಡಿಯ ಪೊಟ್ಟಣ ಮನೆಯಲ್ಲಿರಬೇಕು. ಇವುಗಳಲ್ಲಿ ದುಬಾರಿಯದು ಯಾವುದೂ ಇಲ್ಲ.

ಮೂರನೆಯದು ನಳಿಗೆಗಳು. ತಂಬಾಕು, ಗುಟ್ಕಾಗಳ ಕೃಪೆಯಿಂದ ನಮ್ಮ ದೇಶದಲ್ಲಿ ಬಾಯಿಯ ಕ್ಯಾನ್ಸರ್ ಬಹಳ. ಅಂಥವರಲ್ಲಿ ಎಷ್ಟೋ ಮಂದಿ ಮೂಗಿನಿಂದ ಹೊಟ್ಟೆಗೆ ಇಳಿಸಿದ ರೈಲ್ಸ್ ಟ್ಯೂಬಿನೊಂದಿಗೆ ಮನೆಗೆ ಬರುತ್ತಾರೆ. ಅದರಲ್ಲಿ ಗಂಜಿ, ಹಾಲು ಹಾಕುವಾಗ ರೋಗಿಯನ್ನು ಎತ್ತಿ ಕೂರಿಸಬೇಕು, ಮಲಗಿಸಿ ಹಾಕಿದರೆ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ಹಾಕಿದ ಮೇಲೆ ನೀರು ಬಿಟ್ಟು ನಳಿಗೆ ತೊಳೆಯದಿದ್ದರೆ ಕಟ್ಟಿಕೊಳ್ಳುತ್ತದೆ. ತೋಳಿಗೆ ಹಾಕಿದ ಉದ್ದನೆಯ ಕಿಮೋ ನಳಿಗೆಯನ್ನು ವಾರಕ್ಕೊಮ್ಮೆ ಶುಚಿ ಮಾಡಿಸಬೇಕು, ಇಲ್ಲವಾದರೆ ಸೋಂಕು.

ನಾಲ್ಕನೆಯದು ನೋವು. ತಡೆಯಲಾರದ ನೋವಿಗೆ ಮಾರ್ಫಿನ್ ಮಾತ್ರೆ ಕೊಡುತ್ತಾರೆ. ಅದರಿಂದ ಮಲ ಕಟ್ಟುತ್ತದೆ, ಆದ್ದರಿಂದ ಜೊತೆಗೆ ಹೊಟ್ಟೆ ಸಡಿಲವಾಗುವ ಔಷಧಿಯನ್ನೂ ಬರೆದಿರುತ್ತಾರೆ. ಮನೆಯವರು ನೋವಿನ ಮಾತ್ರೆ ಮುಖ್ಯ, ಇನ್ನೊಂದು ಮುಖ್ಯವಲ್ಲ ಅಂತ ಬಿಡುತ್ತಾರೆ. ವಾರ ಕಳೆಯುವುದರೊಳಗೆ ಹೊಟ್ಟೆ ಉಬ್ಬಿ ಕ್ಯಾಶುವಲ್ಟಿಗೆ. ಅಥವಾ "ಮಾರ್ಫಿನ್ ಅಂದರೆ ಅಫೀಮು, ಚಟ ಹಿಡಿಯುತ್ತದೆ" ಅಂತ ಹೆದರಿ ಅದನ್ನೇ ನಿಲ್ಲಿಸುತ್ತಾರೆ. ಆಗ ನೋವಿಗಾಗಿ ಕ್ಯಾಶುವಲ್ಟಿಗೆ.

ಇದು ನಾನು ಕಟ್ಟಿದ ಪಟ್ಟಿಯಲ್ಲ. ಅಮೆರಿಕದ ಸರಕಾರಿ ವಿಮೆ ಮೆಡಿಕೇರ್, ಕಿಮೋ ಪಡೆದ 30 ದಿನಗಳೊಳಗೆ ಆಸ್ಪತ್ರೆಗೆ ಬರುವಂತೆ ಮಾಡುವ, ಆದರೆ ಸರಿಯಾದ ಆರೈಕೆಯಿದ್ದರೆ ತಡೆಯಬಹುದಾದ ಹತ್ತು ತೊಂದರೆಗಳನ್ನು ಗುರುತಿಸಿದೆ. ರಕ್ತಹೀನತೆ, ನೀರು ಬತ್ತುವುದು, ಭೇದಿ, ವಾಕರಿಕೆ, ವಾಂತಿ, ಜ್ವರ, ಬಿಳಿಕಣ ಕುಸಿತ, ನೋವು, ನ್ಯುಮೋನಿಯಾ, ರಕ್ತಕ್ಕೆ ಹಬ್ಬಿದ ಸೋಂಕು. ಹತ್ತರಲ್ಲಿ ಹೆಚ್ಚಿನವುಗಳ ಮೊದಲ ಗುರುತನ್ನು ಅಡುಗೆಮನೆಯಲ್ಲಿರುವ ತಾಯಿ ಡಾಕ್ಟರರಿಗಿಂತ ಮುಂಚೆ ಕಾಣುತ್ತಾಳೆ. ಕಂಡದ್ದನ್ನು ಯಾರಿಗೆ ಹೇಳಬೇಕು ಅಂತ ಅವಳಿಗೆ ಗೊತ್ತಿರುವುದಿಲ್ಲ, ಅಷ್ಟೆ.

ಹಾಗಾದರೆ ಆಸ್ಪತ್ರೆಯವರು ಹೇಳುವುದೇ ಇಲ್ಲವೇ? ಹೇಳುತ್ತಾರೆ, ಬರೆದೂ ಕೊಡುತ್ತಾರೆ. ಡಿಸ್ಚಾರ್ಜ್ ಕಾರ್ಡು ಅಂತ ಒಂದಿದೆಯಲ್ಲ. ಒಮ್ಮೆ ಯಾರದಾದರೂ ಕಾರ್ಡು ಕೇಳಿ ತೆಗೆದುಕೊಂಡು ಓದಿ ನೋಡಿ. ಇಂಗ್ಲಿಷಿನಲ್ಲಿದೆ ಅಂದರೆ ಅದೂ ಪೂರ್ತಿ ಸತ್ಯವಲ್ಲ. ಬಿ.ಡಿ., ಟಿ.ಡಿ.ಎಸ್., ಎಚ್.ಎಸ್., ಎಸ್.ಓ.ಎಸ್. ಇವೆಲ್ಲ ಲ್ಯಾಟಿನ್ ಭಾಷೆಯ ಮೊದಲಕ್ಷರಗಳು. ದಿನಕ್ಕೆರಡು ಸಲ, ದಿನಕ್ಕೆ ಮೂರು ಸಲ, ಮಲಗುವಾಗ, ಬೇಕಾದರೆ ಮಾತ್ರ ಅಂತ ಅರ್ಥ. ಯಾದಗಿರಿಯ ಗೌಂಡಿ ಕೆಲಸದ ಹೆಂಗಸಿಗೆ ನಾವು ಮುಂಬಯಿಯಲ್ಲಿ ಕೊಡುತ್ತಿರುವುದು ಪ್ರಾಚೀನ ರೋಮಿನ ಭಾಷೆಯ ಚೀಟಿ. ನಗು ಬರುತ್ತದೆ, ಆದರೆ ಯಾರೂ ನಗುವ ಸ್ಥಿತಿಯಲ್ಲಿರುವುದಿಲ್ಲ.

ನಾನು ಎಸ್.ಎಸ್.ಸಿ. ತನಕ ಕನ್ನಡ ಮಾಧ್ಯಮದಲ್ಲಿ ಓದಿದವನು. ಕಾಲೇಜಿಗೆ ಬಂದ ಮೊದಲ ವರ್ಷ ಅಕೌಂಟೆನ್ಸಿ ಪಾಠದಲ್ಲಿ ಕೂತಾಗ, ಗೊತ್ತಿರುವ ವಿಷಯವೇ ಗೊತ್ತಿಲ್ಲದಂತೆ ಕಾಣುತ್ತಿತ್ತು. ಜಮಾ-ಖರ್ಚು ನನಗೆ ಬರುತ್ತಿತ್ತು, ಅದನ್ನು ಇನ್ನೊಂದು ಭಾಷೆಯಲ್ಲಿ ಕೇಳಿದಾಗ ಬಾಯಿ ಕಟ್ಟುತ್ತಿತ್ತು. "ಅರ್ಥವಾಯಿತೇ?" ಅಂತ ಮೇಷ್ಟ್ರು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಿದ್ದೆವು. ಈ ಬಳಗದಲ್ಲಿ ಅರ್ಧ ಜನಕ್ಕೆ ಆ ತಲೆಯಾಡಿಸುವಿಕೆ ಗೊತ್ತು. ವಾರ್ಡಿನಲ್ಲಿ ಡಿಸ್ಚಾರ್ಜಿನ ಹೊತ್ತಿಗೆ ನರ್ಸು "ಸಮಝ್ ಗಯಾ ನಾ?" ಅಂತ ಕೇಳಿದಾಗ ನಮ್ಮವರು ಆಡಿಸುವ ತಲೆ ಅದೇ. ನಮಗೆ ತಪ್ಪಿದರೆ ಹತ್ತು ಮಾರ್ಕು ಹೋಗುತ್ತದೆ.

ನಮ್ಮ ಚಾಳಿನಲ್ಲಿ ಒಬ್ಬರು ಚಿಕ್ಕಮ್ಮನಿಗೆ (ಸಂಬಂಧದಲ್ಲಿ ಅಲ್ಲ, ಪಕ್ಕದ ಖೋಲಿಯವರು) ಎದೆಯ ಕ್ಯಾನ್ಸರ್ ಆಗಿ ಒಂದು ಆಸ್ಪತ್ರೆಯಲ್ಲಿ ಕಿಮೋ ನಡೆಯುತ್ತಿತ್ತು. ಎರಡನೆಯ ಸಲ ಔಷಧಿ ಹಾಕಿಸಿಕೊಂಡ ಹತ್ತನೆಯ ದಿನ, ಶನಿವಾರ ರಾತ್ರಿ, ಚಳಿ ಹಿಡಿದು ಜ್ವರ ಬಂತು. ಮಗ ಕ್ರೋಸಿನ್ ಕೊಟ್ಟ. ಇಳಿಯಿತು. ಭಾನುವಾರ ಮತ್ತೆ ಏರಿತು, ಮತ್ತೆ ಕೊಟ್ಟ. ಆಮೇಲೆ ಅವನೇ ನನ್ನ ಹತ್ತಿರ ಹೇಳಿದ್ದು: "ಸೋಮವಾರ ಹೇಗೂ ಓ.ಪಿ.ಡಿ. ಇತ್ತಲ್ಲ ಮಾರಾಯ, ರಾತ್ರಿ ಹೊತ್ತು ಅವರಿಗೆ ಯಾಕೆ ತೊಂದರೆ ಕೊಡೋದು ಅಂತ ಸುಮ್ಮನಿದ್ದೆ." ಸೋಮವಾರ ಬೆಳಗ್ಗೆ ಚಿಕ್ಕಮ್ಮನಿಗೆ ಎದ್ದು ನಿಲ್ಲಲಿಕ್ಕೂ ಆಗಲಿಲ್ಲ. ಒಂಬತ್ತು ದಿನ ಮತ್ತೆ ಅಡ್ಮಿಟ್ ಆದರು. ಬದುಕಿದರು. ಆದರೆ ಮುಂದಿನ ಕಿಮೋ ಮೂರು ವಾರ ಹಿಂದೆ ಹೋಯಿತು. ಮಗನ ಕೆಲಸವೂ ಹೋಯಿತು.

ಆ ಮೇಲೆ ನಾನು ಆ ಕಾರ್ಡು ನೋಡಿದೆ. ಜ್ವರ ಬಂದರೆ ಕೂಡಲೆ ಕ್ಯಾಶುವಲ್ಟಿಗೆ ಬರಬೇಕು ಅಂತ ಅದರಲ್ಲಿ ಬರೆದೇ ಇತ್ತು. ಇಂಗ್ಲಿಷಿನಲ್ಲಿ, ಕೊನೆಯ ಸಾಲಿನಲ್ಲಿ, ಕೈಬರಹದಲ್ಲಿ. ಆಸ್ಪತ್ರೆಯವರ ಪ್ರಕಾರ ಹೇಳಿಯಾಗಿತ್ತು. ಮಗನ ಪ್ರಕಾರ ಯಾರೂ ಹೇಳಿರಲಿಲ್ಲ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆ ಹುಡುಗ ನಿರ್ಲಕ್ಷ್ಯದವನಲ್ಲ, ತಾಯಿಯ ಮಾತ್ರೆಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಸಾಲಾಗಿ ಜೋಡಿಸಿಟ್ಟಿದ್ದವನು. ತೊಂದರೆ ಕೊಡಬಾರದು ಎಂಬ ಅವನ ಸೌಜನ್ಯವೇ ಇಲ್ಲಿ ಮುಳುವಾಯಿತು. ಬಡವರ ಈ ಸೌಜನ್ಯದ ಬಗ್ಗೆ ಯಾರಾದರೂ ಕಥೆ ಬರೆಯಿರಿ, ನಾನು ಓದುತ್ತೇನೆ.

ಇನ್ನು ನನ್ನ ವಿಷಯಕ್ಕೆ, ಅಂದರೆ ಲೆಕ್ಕಕ್ಕೆ ಬರುತ್ತೇನೆ. ವರ್ಷದ ಕೊನೆಗೆ ಖಾತೆ ಮುಚ್ಚುವಾಗ ಶಿಲ್ಕನ್ನು ಮುಂದಿನ ಪುಟಕ್ಕೆ ಒಯ್ಯಬೇಕು ಎಂಬುದು ನಾವು ಕಲಿಯುವ ಮೊದಲ ಪಾಠ. ಹಳೆ ಪುಟದ ಕೊನೆಯಲ್ಲಿದ್ದ ಮೊತ್ತ ಹೊಸ ಪುಟದ ತಲೆಯಲ್ಲಿ ಬಾರದಿದ್ದರೆ ಇಡೀ ಲೆಕ್ಕ ಸುಳ್ಳು. ಆಸ್ಪತ್ರೆಯ ಪುಸ್ತಕದಲ್ಲಿ ಡಿಸ್ಚಾರ್ಜ್ ಅಂದರೆ ಮುಚ್ಚಿದ ಖಾತೆ. ಆದರೆ ರೋಗಿಯ ಮೈಯಲ್ಲಿ ಶಿಲ್ಕು ಉಳಿದಿರುತ್ತದೆ. ಇಳಿಯುತ್ತಿರುವ ಬಿಳಿಕಣ, ಒಣಗದ ಗಾಯ, ಮೂಗಿನ ನಳಿಗೆ. ಅದನ್ನು ಮುಂದಿನ ಪುಟಕ್ಕೆ ಒಯ್ಯುವವರು ಯಾರು?

ಒಯ್ಯದಿದ್ದರೆ ಆಗುವ ನಷ್ಟ ಯಾರ ಹೆಸರಿಗೆ? ಸರಕಾರದ ಯೋಜನೆಗಳು, ಮಹಾರಾಷ್ಟ್ರದ ಮಹಾತ್ಮಾ ಜ್ಯೋತಿಬಾ ಫುಲೆ ಜನ ಆರೋಗ್ಯ ಯೋಜನೆಯಾಗಲಿ 2018ರಲ್ಲಿ ಬಂದ ಆಯುಷ್ಮಾನ್ ಭಾರತವಾಗಲಿ, ಮುಖ್ಯವಾಗಿ ಆಸ್ಪತ್ರೆಯ ಮಂಚದ ಮೇಲಿನ ಚಿಕಿತ್ಸೆಗೆ ದುಡ್ಡು ಕೊಡುತ್ತವೆ. ಆ ದಿನಗಳ ಕೂಲಿಯನ್ನು ಯಾರೂ ಕೊಡುವುದಿಲ್ಲ. ತಪ್ಪಿದ ಕಿಮೋ ತಾರೀಕನ್ನು ಹಿಂದಿರುಗಿಸುವುದಿಲ್ಲ. ಇನ್ನೊಂದು ನಷ್ಟ ಯಾವ ಪುಸ್ತಕದಲ್ಲೂ ಬರುವುದಿಲ್ಲ. ಚಿಕ್ಕಮ್ಮ ಮಲಗಿದ್ದ ಆ ಮಂಚಕ್ಕೆ ಒಂಬತ್ತು ದಿನ ಇನ್ನೊಬ್ಬರು ಕಾದಿರಬೇಕು, ಬಹುಶಃ ಅದೇ ಫುಟ್‌ಪಾತಿನ ಪ್ಲಾಸ್ಟಿಕ್ ಹಾಳೆಯ ಕೆಳಗೆ.

ಈಗ ಇನ್ನೊಂದು ಕಡೆಯ ಲೆಕ್ಕ ನೋಡಿ. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ 766 ರೋಗಿಗಳ ಮೇಲೆ ಒಂದು ಪ್ರಯೋಗ ಮಾಡಿದರು. ಒಂದು ಗುಂಪಿಗೆ ಎಂದಿನ ಆರೈಕೆ. ಇನ್ನೊಂದು ಗುಂಪು ತಮಗಿರುವ ಹನ್ನೆರಡು ಸಾಮಾನ್ಯ ತೊಂದರೆಗಳನ್ನು ಆಗಾಗ ಕಂಪ್ಯೂಟರಿನಲ್ಲಿ ಗುರುತು ಹಾಕಬೇಕು. ಯಾವುದಾದರೂ ಹೆಚ್ಚಾದರೆ ನರ್ಸಿಗೆ ಸುದ್ದಿ ಹೋಗುತ್ತದೆ, ನರ್ಸು ಫೋನು ಮಾಡುತ್ತಾಳೆ. ಇಷ್ಟೇ, ಹೊಸ ಔಷಧಿ ಯಾವುದೂ ಇಲ್ಲ. ಎಂದಿನ ಆರೈಕೆಯವರಲ್ಲಿ ನೂರಕ್ಕೆ 41 ಮಂದಿ ತುರ್ತು ವಿಭಾಗಕ್ಕೆ ಹೋದರೆ ಗುರುತು ಹಾಕಿದವರಲ್ಲಿ 34. ಆಸ್ಪತ್ರೆ ಸೇರಿದವರು 49 ಮತ್ತು 45. ಇದು 2016ರಲ್ಲಿ ಪ್ರಕಟವಾಯಿತು. ಮುಂದಿನ ವರ್ಷ ಆಯುಸ್ಸಿನ ಲೆಕ್ಕವೂ ಹೊರಬಂತು. ಎಂದಿನವರ ಮಧ್ಯಮ ಬದುಕು 26 ತಿಂಗಳು, ಗುರುತು ಹಾಕಿದವರದು 31.2. ಐದು ತಿಂಗಳು ಹೆಚ್ಚು, ಬರೀ ಕೇಳಿದ್ದರಿಂದ, ಕೇಳಿಸಿಕೊಂಡದ್ದರಿಂದ. ಇನ್ನೂ ಒಂದು ಸಂಗತಿ: ಅದಕ್ಕೆ ಮೊದಲು ಕಂಪ್ಯೂಟರ್ ಬಳಸಿ ಗೊತ್ತಿಲ್ಲದವರಿಗೇ ಲಾಭ ಹೆಚ್ಚು ಸಿಕ್ಕಿತು. ಸುಲಭವಾಗಿ ಡಾಕ್ಟರರ ಹತ್ತಿರ ಬಾಯಿ ಬಿಡಲಾರದವರಿಗೆ ಯಾರಾದರೂ ಕೇಳಿದರೆ ಎಷ್ಟು ದೊಡ್ಡ ವ್ಯತ್ಯಾಸವಾಗುತ್ತದೆ ಅಂತ ನಾನು ಇದನ್ನು ಓದಿಕೊಳ್ಳುತ್ತೇನೆ.

ನಮ್ಮ ದೇಶದಲ್ಲೇ ಕೇರಳದ ಉದಾಹರಣೆಯಿದೆ. ಕೋಳಿಕ್ಕೋಡಿನಲ್ಲಿ 1993ರಲ್ಲಿ ನೋವು ಶಮನದ ಒಂದು ಪುಟ್ಟ ಕ್ಲಿನಿಕ್ ಶುರುವಾಯಿತು. ಅಲ್ಲಿಂದ ಬೆಳೆದು ಹಳ್ಳಿಹಳ್ಳಿಗಳಲ್ಲಿ ನೆರೆಹೊರೆಯವರೇ ತರಬೇತಿ ಪಡೆದು, ವಾಸಿಯಾಗದ ರೋಗಿಗಳ ಮನೆಗೆ ನರ್ಸಿನೊಂದಿಗೆ ಹೋಗುವ ಪದ್ಧತಿ ಬಂತು. ಆ ಕೆಲಸದಲ್ಲಿ ಕಾಲೇಜು ವಿದ್ಯಾರ್ಥಿಗಳೂ ಇದ್ದಾರೆ. 2008ರಲ್ಲಿ ರಾಜ್ಯ ಸರಕಾರ ಇದನ್ನೇ ತನ್ನ ನೀತಿಯಾಗಿ ಒಪ್ಪಿಕೊಂಡಿತು. ಮುಂಬಯಿಯಲ್ಲೂ ಬಾಂದ್ರಾದ ಶಾಂತಿ ಅವೇದನಾ ಸದನ 1986ರಿಂದ ಕೊನೆಯ ಹಂತದ ರೋಗಿಗಳನ್ನು ನೋಡಿಕೊಳ್ಳುತ್ತಿದೆ, ನಮ್ಮ ದೇಶದ ಮೊದಲ ಅಂಥ ಮನೆ ಅದು. ಟಾಟಾ ಆಸ್ಪತ್ರೆಯಿಂದಲೂ ಮನೆಗೆ ಹೋಗಿ ನೋಡುವ ತಂಡವಿದೆ. ಕೆಲಸ ಮಾಡುವವರು ಇದ್ದಾರೆ, ಆದರೆ ಊರು ದೊಡ್ಡದು.

ಇನ್ನು ಆಕ್ಷೇಪಣೆಗಳು. "ಇದೆಲ್ಲ ಡಾಕ್ಟರರ ಕೆಲಸ, ನಮ್ಮದಲ್ಲ" ಎನ್ನುವವರಿದ್ದಾರೆ. ಔಷಧಿ ಹೇಳುವುದು ಡಾಕ್ಟರರ ಕೆಲಸ ಹೌದು. ಅದು ರೋಗಿಗೆ ಮುಟ್ಟಿತೇ ಅಂತ ನೋಡುವುದು ಭಾಷೆ ಬಲ್ಲವರ ಕೆಲಸ. ದಿನಕ್ಕೆ ನೂರು ರೋಗಿಗಳ ನಡುವೆ ಓಡಾಡುವ ಡಾಕ್ಟರು ಕನ್ನಡ ಕಲಿಯಲಿ ಅಂತ ನಾನು ಹೇಳಲಾರೆ.

"ಮೂಲ ಕಾರಣ ಬಡತನ, ಚೀಟಿ ಹಂಚಿದರೆ ಬಡತನ ಹೋಗುತ್ತದೆಯೇ" ಅಂತ ನಮ್ಮ ಬಂಡಾಯದ ಗೆಳೆಯರು ಕೇಳುತ್ತಾರೆ. ಹೋಗುವುದಿಲ್ಲ. ಕ್ಯಾನ್ಸರ್ ರೋಗಿಗೆ ರೈಲಿನಲ್ಲಿ ಸ್ಲೀಪರ್ ಮತ್ತು ಮೂರನೆಯ ದರ್ಜೆ ಎ.ಸಿ. ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವವರಿಗೆ ಮುಕ್ಕಾಲು ರಿಯಾಯಿತಿ ಇದೆ. ಲೋಕಲಿನಲ್ಲಿ ಅಂಗವಿಕಲರ ಡಬ್ಬಿಯಲ್ಲಿ ಕ್ಯಾನ್ಸರ್ ರೋಗಿಗಳೂ ಕೂರಬಹುದು. ಇದು ಗೊತ್ತಿಲ್ಲದೆ ರೈಲಿನ ದುಡ್ಡು ಹೊಂದಿಸಲಾರದೆ ಓ.ಪಿ.ಡಿ. ತಾರೀಕು ತಪ್ಪಿಸುವವರಿದ್ದಾರೆ. ಬಡವನಿಗೆ ಸಿಗಬೇಕಾದದ್ದು ಸಿಗದೆ ಇರಲಿಕ್ಕೆ ಅವನಿಗೆ ಗೊತ್ತಿಲ್ಲದೆ ಇರುವುದೂ ಒಂದು ಕಾರಣ. ಅದನ್ನು ಹೇಳುವುದು ಸುಧಾರಣೆಯೋ ಕ್ರಾಂತಿಯೋ ಆಮೇಲೆ ಚರ್ಚಿಸೋಣ.

ಮೂರನೆಯ ಆಕ್ಷೇಪ ನನ್ನದೇ. ಮರುದಾಖಲೆ ಕಡಿಮೆ ಮಾಡಬೇಕು ಅಂತ ಬರೀ ಅಂಕೆಯ ಹಿಂದೆ ಹೋದರೆ ಅಪಾಯವಿದೆ. ಅಮೆರಿಕದಲ್ಲಿ 2012ರಿಂದ ಹೃದಯ ವೈಫಲ್ಯ, ನ್ಯುಮೋನಿಯಾ ಮುಂತಾದವುಗಳಲ್ಲಿ ಮರುದಾಖಲೆ ಹೆಚ್ಚಿರುವ ಆಸ್ಪತ್ರೆಗಳಿಗೆ ದಂಡ ಹಾಕಿದರು. ದಾಖಲೆ ಇಳಿಯಿತು. ಆದರೆ ಹೃದಯ ವೈಫಲ್ಯದವರಲ್ಲಿ ಸಾವು ಹೆಚ್ಚಿತೇ ಎಂಬ ಪ್ರಶ್ನೆಯನ್ನು ಸಂಶೋಧಕರು ಎತ್ತಿದರು, ಆ ವಾದ ಬಹಳ ನಡೆಯಿತು. ಬಾಗಿಲು ಮುಚ್ಚಿದರೂ ಅಂಕೆ ಕಡಿಮೆಯಾಗುತ್ತದೆ! ಆದ್ದರಿಂದ "ಮತ್ತೆ ಬರಬೇಡಿ" ಎಂಬುದು ನಮ್ಮ ಮಾತಾಗಬಾರದು. "ಇಂಥದ್ದು ಕಂಡರೆ ಈಗಲೇ ಬನ್ನಿ, ಇಂಥದ್ದನ್ನು ಮನೆಯಲ್ಲೇ ಹೀಗೆ ನೋಡಿಕೊಳ್ಳಿ" ಎಂಬುದು ನಮ್ಮ ಮಾತು. ಹತ್ತನೆಯ ದಿನದ ಜ್ವರಕ್ಕೆ ರಾತ್ರಿ ಒಂದು ಗಂಟೆಗೆ ಬಂದು ಬಾಗಿಲು ತಟ್ಟಿದವನು ಸರಿಯಾದ ಕೆಲಸ ಮಾಡಿದ್ದಾನೆ.

ಈಗ ನನ್ನ ಸೂಚನೆ. ಮೂರೇ ಕೆಲಸ.

ಒಂದು, ಒಂದು ಹಾಳೆ. ಒಂದೇ ಹಾಳೆ, ದೊಡ್ಡ ಅಕ್ಷರ, ಕನ್ನಡದಲ್ಲಿ. ಮೇಲ್ಗಡೆ ಕೂಡಲೆ ಓಡಿ ಬರಬೇಕಾದ ಲಕ್ಷಣಗಳು, ಕೆಳಗಡೆ ಮನೆಯಲ್ಲಿ ಮಾಡಬೇಕಾದದ್ದು, ಕೊನೆಗೆ ಆಸ್ಪತ್ರೆಯ ಫೋನ್ ನಂಬರಿಗೆ ಖಾಲಿ ಜಾಗ. ಊರಿಗೆ ಹೋಗುವವರಿಗೆ ಅಲ್ಲಿ ಹತ್ತಿರದ ಆಸ್ಪತ್ರೆ ಯಾವುದು ಅಂತ ಬರೆಯಲಿಕ್ಕೂ ಜಾಗ ಬೇಕು. ಬೆಂಗಳೂರಿನಲ್ಲಿ 1973ರಿಂದ ಕಿದ್ವಾಯಿ ಆಸ್ಪತ್ರೆ ಇದೆ, ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ. ದೇಶದ ಕ್ಯಾನ್ಸರ್ ಆಸ್ಪತ್ರೆಗಳನ್ನು ಜೋಡಿಸುವ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ 2012ರಲ್ಲಿ ಶುರುವಾಗಿದೆ. ಜ್ವರ ಬಂದವನು ಮತ್ಸ್ಯಗಂಧ ಹತ್ತಿ ಪರೇಲಿಗೆ ಬರುವ ತನಕ ಸೋಂಕು ಕಾಯುವುದಿಲ್ಲ. ಹಾಳೆಯ ಪ್ರತಿ ಸಾಲನ್ನೂ ಕ್ಯಾನ್ಸರ್ ಡಾಕ್ಟರೊಬ್ಬರು ನೋಡಿ ಒಪ್ಪಿದ ಮೇಲೆಯೇ ಹೊರಗೆ ಬಿಡಬೇಕು. ನಮ್ಮ ಬುದ್ಧಿಯಿಂದ ಒಂದು ಮಾತ್ರೆಯ ಹೆಸರೂ ಸೇರಬಾರದು.

ಎರಡು, ಜನ. ದೊಡ್ಡ ಆಸ್ಪತ್ರೆಗಳಲ್ಲಿ ಸಮಾಜ ಸೇವಾ ವಿಭಾಗ ಅಂತ ಇರುತ್ತದೆ. ಅವರಿಗೆ ಪತ್ರ ಬರೆದು, ಕನ್ನಡ ರೋಗಿ ಡಿಸ್ಚಾರ್ಜ್ ಆಗುವಾಗ ಹತ್ತು ನಿಮಿಷ ಕೂತು ಹೇಳಲಿಕ್ಕೆ ನಮ್ಮಿಂದ ಸಹಾಯ ಬೇಕೇ ಅಂತ ಕೇಳೋಣ. ಎನ್.ಎಸ್.ಎಸ್.ನಲ್ಲಿರುವವರು ಎರಡು ವರ್ಷಕ್ಕೆ 240 ಗಂಟೆ ಸೇವೆ ಮಾಡಲೇಬೇಕು. ಆ ಗಂಟೆಗಳಲ್ಲಿ ಕೆಲವು ಇಲ್ಲಿ ಸಲ್ಲಲಿ. ಹೇಳುವಾಗ ಒಂದು ನಿಯಮ: "ಅರ್ಥವಾಯಿತೇ" ಅಂತ ಕೇಳಬಾರದು, ತಲೆಯಾಡಿಸುತ್ತಾರೆ. "ಅಮ್ಮಾ, ರಾತ್ರಿ ಜ್ವರ ಬಂದರೆ ನೀವು ಏನು ಮಾಡ್ತೀರಿ, ನನಗೊಮ್ಮೆ ಹೇಳಿ" ಅಂತ ಕೇಳಬೇಕು. ಅವರು ಸರಿಯಾಗಿ ಹೇಳಿದರೆ ನಾವು ಸರಿಯಾಗಿ ಹೇಳಿದ್ದೇವೆ ಅಂತ ಅರ್ಥ. ಇದು ಅವರ ಪರೀಕ್ಷೆಯಲ್ಲ, ನಮ್ಮದು.

ಮೂರು, ಫೋನು. ಮನೆಗೆ ಹೋದ ಮೂರನೆಯ ದಿನ ಒಂದು, ಕಿಮೋ ಆದ ಹತ್ತನೆಯ ದಿನ ಒಂದು. "ಜ್ವರ ಉಂಟೇ, ನೀರು ಕುಡೀತಾರಾ, ಹೊಟ್ಟೆ ಹೇಗಿದೆ, ನೋವು ಹೇಗಿದೆ." ಐದು ನಿಮಿಷ. ಇಪ್ಪತ್ತು ರೋಗಿಗಳಾದರೆ ಎರಡು ಸಲಕ್ಕೆ ಇನ್ನೂರು ನಿಮಿಷ. ಹತ್ತು ಜನ ಹಂಚಿಕೊಂಡರೆ ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ. ತೊಂದರೆ ಕಂಡರೆ ನಾವು ಔಷಧಿ ಹೇಳುವುದಿಲ್ಲ, ಆಸ್ಪತ್ರೆಯ ನಂಬರಿಗೆ ಮುಟ್ಟಿಸುತ್ತೇವೆ, ಅಷ್ಟೇ. ಇದು ರೋಗಿಯ ಒಪ್ಪಿಗೆಯಿಂದ, ಆಸ್ಪತ್ರೆಯ ತಿಳುವಳಿಕೆಯಿಂದ ಆಗಬೇಕು. ಕೇಳಿದ್ದು ಹೊರಗೆ ಹೋಗಬಾರದು.

ಇದರಲ್ಲಿ ಸಾಹಿತ್ಯ ಎಲ್ಲಿದೆ ಅಂತ ಇನ್ನೂ ಕೇಳುವವರಿಗೆ ಒಂದು ಮಾತು. ಆ ಒಂದು ಹಾಳೆ ಬರೆಯುವುದು ಸುಲಭವಲ್ಲ. 'ನಿರ್ಜಲೀಕರಣ' ಅಂತ ಬರೆದರೆ ನಮಗೆ ಮಾತ್ರ ಅರ್ಥ. ಕಲಬುರಗಿಯವರು "ಜ್ವರ ಬಂದಾವ" ಅನ್ನುತ್ತಾರೆ, ಕರಾವಳಿಯವರು ಬೇರೆ ಥರ ಅನ್ನುತ್ತಾರೆ, ಮನೆಯಲ್ಲಿ ತುಳು ಆಡುವವರ ಮಾತು ಇನ್ನೂ ಬೇರೆ. ಭೇದಿಗೆ ಒಬ್ಬರು ಜುಲಾಬು ಅಂದರೆ ಇನ್ನೊಬ್ಬರು ಹೊಟ್ಟೆ ಕೆಟ್ಟಿದೆ ಅನ್ನುತ್ತಾರೆ. ಎಲ್ಲರಿಗೂ ತಿಳಿಯುವ, ಯಾರಿಗೂ ನಾಚಿಕೆಯಾಗದ, ತಪ್ಪು ಅರ್ಥ ಬಾರದ ಇಪ್ಪತ್ತು ವಾಕ್ಯ ಬೇಕು. ಒಳ್ಳೆಯ ಗದ್ಯ ಬರೆಯಬಲ್ಲವರು ನಮ್ಮ ಬಳಗದಲ್ಲಿ ಇದ್ದಾರೆ ಅಂತ ಪ್ರತಿ ಸಂಚಿಕೆಯಲ್ಲೂ ನಾವೇ ಹೇಳಿಕೊಳ್ಳುತ್ತೇವೆ. ಅಂಥ ಗದ್ಯಕ್ಕೆ ಇಲ್ಲಿ ಕೆಲಸವಿದೆ.

ಮುಂದಿನ ಶನಿವಾರದ ಸಭೆಯಲ್ಲಿ ಈ ವಿಷಯ ಎತ್ತುತ್ತೇನೆ. ವಿರೋಧಿಸುವವರು ಖಂಡಿತ ಬನ್ನಿ. ಬರುವಾಗ ಒಂದು ಸಣ್ಣ ಕೆಲಸ ಮಾಡಿಕೊಂಡು ಬನ್ನಿ: ಜ್ವರ, ವಾಂತಿ, ಭೇದಿ, ಬಾಯಿಹುಣ್ಣು, ಮಲ ಕಟ್ಟುವುದು, ಮೈಯಲ್ಲಿ ನೀರು ಬತ್ತುವುದು, ಈ ಆರಕ್ಕೆ ನಿಮ್ಮ ಮನೆಯಲ್ಲಿ ಅಜ್ಜಿಯೋ ಅಮ್ಮನೋ ಏನು ಹೇಳುತ್ತಾರೆ ಅಂತ ಕೇಳಿ, ಅವರ ಬಾಯಿಂದ ಬಂದ ಹಾಗೇ ಒಂದು ಚೀಟಿಯಲ್ಲಿ ಬರೆದು ತನ್ನಿ.